ಗಾಜಿನ ಆಚೆಯ ಮಾತು

ಕಂತು ಹನ್ನೊಂದು

"ಮಾವ, ಅಂಗಡಿಗೆ ಬೆಂಕಿ ಬಿದ್ದಿದೆ," ಎಂದೆ.

ಮಾವ ತಲೆ ಎತ್ತಲಿಲ್ಲ. ಕೈಗಡಿಯಾರವೊಂದನ್ನು ಮುಂಬಲ್ಲಿನಲ್ಲಿ ಕಚ್ಚಿಕೊಂಡು, ಕಣ್ಣು ಮುಚ್ಚಿ, ಎರಡೂ ಕೈಯನ್ನು ಮೇಜಿನ ಮೇಲೆ ಊರಿ ಕೂತಿದ್ದ. ನಾನು ಅವನ ಬೆನ್ನ ಹಿಂದೆ ಮೂರಡಿ ದೂರದಲ್ಲಿ ನಿಂತಿದ್ದೆ. ಮೇಜಿನ ಮೇಲುಗಡೆ ಓರೆಯಾಗಿ ತೂಗುಹಾಕಿದ ಕನ್ನಡಿಗೆ ಸಿಗಬಾರದೆಂದು ಬೇಕೆಂದೇ ಮೂಲೆ ಹಿಡಿದಿದ್ದೆ.

"ಕಾಲ ಹತ್ರ ಹಾವಿದೆ ಮಾವ."

ಹಾವಿಗೂ ಅವನು ಜಗ್ಗಲಿಲ್ಲ. ಗಡಿಯಾರವನ್ನು ಬಾಯಿಂದ ತೆಗೆದು, ಅಂಗಿಗೆ ಒರೆಸಿ, ಚಿಮಟ ಎತ್ತಿಕೊಂಡ.

ನನ್ನ ಕೈಯಲ್ಲೊಂದು ಹಾಳೆ ಇತ್ತು. ಅದನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದೆ. ಇಪ್ಪತ್ತೊಂದು ವರ್ಷದಿಂದ ಗ್ರಾಹಕರಿಗೆ ಮೋಸ ಮಾಡುವ ಅಂಗಡಿಗಳ ಬೆನ್ನು ಹತ್ತುವುದೇ ನನ್ನ ನೌಕರಿ. ತೂಕದ ಬಟ್ಟಿನ ತಳ ಕೊರೆದವರನ್ನು, ಹಳೇ ತಾರೀಕಿನ ಮೇಲೆ ಹೊಸ ಚೀಟಿ ಅಂಟಿಸಿದವರನ್ನು ಬಾಗಿಲಲ್ಲೇ ಗುರುತು ಹಿಡಿಯುತ್ತೇನೆ ಎಂದು ಜಂಬ ಬೇರೆ. ಮನೆಯೊಳಗಿನ ಸುಳ್ಳು ಮಾತ್ರ ಇಷ್ಟು ವರ್ಷ ಮೂಗಿನ ಕೆಳಗೇ ಇತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಸಾಕಿಸಿಕೊಂಡವರಿಗೂ ಹಾಗೇ ಇರಬೇಕು.

'ಉಚಿತ ಕಿವಿ ಪರೀಕ್ಷೆ' ಎಂದು ಬೋರ್ಡು ಹಾಕಿ, ಒಳಗೆ ಬಂದವರಿಗೆಲ್ಲ 'ನಿಮ್ಮ ಕಿವಿ ಅರ್ಧ ಹೋಗಿದೆ' ಎಂದು ಹೆದರಿಸಿ ಕಿವಿ ಮಷೀನು ಮಾರುತ್ತಿದ್ದ ಅಂಗಡಿಯ ಮೇಲೆ ನಾನು ಹಾಕಿದ್ದ ಕೇಸು ನಾಳೆ ಹನ್ನೊಂದಕ್ಕೆ ವಿಚಾರಣೆಗೆ ಬರುವುದಿತ್ತು. ಆ ಕೇಸಿನ ನಡುಗಂಬ ಎಂದರೆ ನನ್ನನ್ನು ಸಾಕಿದ ಈ ಸೋದರಮಾವ.

ಹಾಳೆಯಲ್ಲಿ ಇದ್ದದ್ದು ಹತ್ತೊಂಬತ್ತು ಸಾಲು. ಪ್ರತಿ ಸಾಲಿನಲ್ಲೂ ಎರಡು ಅಂಕಿ. ಮೊದಲನೆಯದು ಅಂಗಡಿಯವರು ಅಳೆದದ್ದು, ಎರಡನೆಯದು ಸರ್ಕಾರಿ ಆಸ್ಪತ್ರೆಯ ಕಿವಿ ಡಾಕ್ಟರು ಅಳೆದದ್ದು. ಅಂಕಿ ದೊಡ್ಡದಾದಷ್ಟೂ ಕಿವಿ ಮಂದ.

ನಲವತ್ತೈದು, ಹದಿನೈದು. ಐವತ್ತು, ಇಪ್ಪತ್ತು. ನಲವತ್ತು, ಹತ್ತು. ಹೀಗೇ ಹದಿನೆಂಟು ಸಾಲು. ಮಧ್ಯಾಹ್ನ ಊಟ ಬಿಟ್ಟು ಕೂತು ಕಳೆಯುವ ಲೆಕ್ಕ ಮಾಡಿದ್ದೆ. ಹದಿನೆಂಟರಲ್ಲೂ ವ್ಯತ್ಯಾಸ ಮೂವತ್ತು. ಮನುಷ್ಯರ ಕಿವಿ ಇಷ್ಟು ಶಿಸ್ತಾಗಿ ಕೆಡುವುದಿಲ್ಲ. ಯಾರು ಬಂದು ಕೂತರೂ ಅಂಗಡಿಯ ಮಷೀನು ಕಣ್ಣು ಮುಚ್ಚಿ ಮೂವತ್ತು ಸೇರಿಸುತ್ತಿತ್ತು.

ಹತ್ತೊಂಬತ್ತನೆಯ ಸಾಲು ಮಾವನದು. ತೊಂಬತ್ತೈದು, ಹತ್ತು.

ಮೂರು ತಿಂಗಳ ಹಿಂದೆ ಆ ತೊಂಬತ್ತೈದನ್ನು ನೋಡಿ ನಾನು ಕುಣಿದಿದ್ದೆ. ಸುಳ್ಳು ದೊಡ್ಡದಾದಷ್ಟೂ ಕೇಸು ಗಟ್ಟಿ ಎಂದುಕೊಂಡಿದ್ದೆ. ಎಲ್ಲರಿಗೂ ಮೂವತ್ತು ಸೇರಿಸುವ ಮಷೀನು ಮಾವನಿಗೊಬ್ಬನಿಗೇ ಎಂಬತ್ತೈದು ಸೇರಿಸಲು ಇವನೇನು ಅದಕ್ಕೆ ನೆಂಟನೇ ಎಂದು ಒಂದು ಸಲವೂ ಕೇಳಿಕೊಳ್ಳಲಿಲ್ಲ.

ತೊಂಬತ್ತೈದರಲ್ಲಿ ಮೂವತ್ತು ಕಳೆದರೆ ಅರವತ್ತೈದು. ಬೆನ್ನ ಹಿಂದೆ ನಿಂತು ಬೆಂಕಿ ಬಿದ್ದಿದೆ ಎಂದರೂ ಗೊತ್ತಾಗದ ಕಿವಿ.

ನಾನು ಮೂಲೆ ಬಿಟ್ಟು ಅವನ ಎದುರಿಗೆ ಬಂದೆ.

"ಯಾವಾಗ ಬಂದೆ ಪುಟ್ಟಿ?" ಮಾವ ಕಣ್ಣಿನ ಭೂತಗನ್ನಡಿ ತೆಗೆದ. ನಲವತ್ತಾರು ವರ್ಷದ ಪುಟ್ಟಿ ನಾನು.

"ಐದು ನಿಮಿಷ ಆಯ್ತು. ನಿನ್ನ ಬೆನ್ನ ಹಿಂದೇನೇ ನಿಂತಿದ್ದೆ. ಅಂಗಡಿಗೆ ಬೆಂಕಿ ಬಿದ್ದಿದೆ ಅಂತ ಹೇಳ್ದೆ."

ಅವನ ಕಣ್ಣು ನನ್ನ ತುಟಿಯ ಮೇಲಿತ್ತು. ಅಲ್ಲಿಂದ ಮೂಲೆಗೆ ಹೋಯಿತು, ಅಲ್ಲಿಂದ ಕನ್ನಡಿಗೆ. ಇಷ್ಟು ವರ್ಷ ಆ ಕನ್ನಡಿ ಕಳ್ಳರನ್ನು ನೋಡಲು ಎಂದುಕೊಂಡಿದ್ದೆ. ಬಾಗಿಲಿಗೆ ಕಟ್ಟಿದ ಗಂಟೆ ಅವನಿಗೆ ಕೇಳಿಸುವುದಿಲ್ಲ, ಅದಕ್ಕೆ ಕನ್ನಡಿ.

"ಎಷ್ಟು ವರ್ಷ ಆಯ್ತು ಮಾವ?"

ಮಾವ ಚಿಮಟವನ್ನು ಡಬ್ಬಿಯಲ್ಲಿ ಅದರ ಜಾಗದಲ್ಲಿಟ್ಟ. "ಒಂಬತ್ತು."

ನಾನು ಗಿರಾಕಿಗಳ ಸ್ಟೂಲಿನ ಮೇಲೆ ಕುಸಿದು ಕೂತೆ. ಸಿಟ್ಟು ಬರಬೇಕಿತ್ತು. ಅಳು ಬಂತು. ಅದನ್ನು ನುಂಗಿಕೊಂಡದ್ದಕ್ಕೆ ಮತ್ತೆ ಸಿಟ್ಟು ಬಂತು.

"ಮೊದಲು ಹೆಂಗಸರ ವಾಚು ಹೋಯ್ತು," ಎಂದ ಮಾವ, ಯಾರದೋ ಕತೆ ಹೇಳುವಂತೆ. "ಸಣ್ಣ ಬಡಿತ ಅದು. ಆಮೇಲೆ ಗಂಡಸರದ್ದು. ಆಮೇಲೆ ಗೋಡೆ ಗಡಿಯಾರ. ಹಲ್ಲಲ್ಲಿ ಕಚ್ಚಿದ್ರೆ ಬಡಿತ ಮೂಳೆ ಹಿಡಕೊಂಡು ತಲೆಗೆ ಬರುತ್ತೆ, ಕಿವಿ ಬೇಡ. ಕೆಲಸ ನಿಲ್ಲಲಿಲ್ಲ. ಕೆಲಸ ನಿಲ್ಲದಿದ್ರೆ ಹೇಳೋದ್ಯಾಕೆ? ಕಿವುಡ ಗಡಿಯಾರದವನು ಅಂದ್ರೆ ಮೂಗು ಕಟ್ಟಿದ ಅಡುಗೆಯವನು ಅಂದ ಹಾಗೆ. ಯಾರು ಬರ್ತಾರೆ ಹೇಳು."

"ನಾನು ಯಾರೋ ಅಲ್ಲವಲ್ಲ."

"ನಿಮ್ಮತ್ತೆಗೂ ಹೇಳಲಿಲ್ಲ." ಅವನು ಅಂಗೈ ನೋಡಿಕೊಂಡ. "ಮುಖ ನೋಡಿ ಮಾತಾಡ್ತಿದ್ವಿ, ನಡೀತು. ಕೊನೇ ದಿನ ಗೋಡೆ ಕಡೆ ತಿರುಗಿ ಮಲಗಿದ್ದಳು. ಏನೋ ಅಂದಳು, ಭುಜ ಅಲ್ಲಾಡ್ತು. ಈ ಕಡೆ ತಿರುಗಿಸೋ ಹೊತ್ತಿಗೆ ಮುಗಿದೇ ಹೋಗಿತ್ತು. ಏನಂದಳೋ."

ಅಂಗಡಿಯಲ್ಲಿ ಮೂವತ್ತೋ ನಲವತ್ತೋ ಗಡಿಯಾರ ಬಡಿಯುತ್ತಿದ್ದವು. ಕೇಳಿಸಿಕೊಳ್ಳುತ್ತಿದ್ದವಳು ನಾನೊಬ್ಬಳೇ. ಅತ್ತೆ ಹೋಗಿ ಆರು ವರ್ಷವಾಗಿದೆ, ಈ ಮನುಷ್ಯ ಆರು ವರ್ಷ ಅದನ್ನು ಒಬ್ಬನೇ ಹೊತ್ತಿದ್ದ ಎಂದು ತಿಳಿದು ನನಗೆ ನನ್ನ ಮೇಲೇ ಅಸಹ್ಯವಾಯಿತು.

ಆದರೂ ಕೇಸು ಕಣ್ಣೆದುರಿಗಿತ್ತು.

"ಮತ್ತೆ ಸಾಕ್ಷಿ ಆಗ್ತೀನಿ ಅಂತ ಯಾಕೆ ಒಪ್ಪಿದೆ?"

"ನೀನು ಕೇಳಿದೆ. ನೌಕರಿ ಸೇರಿದ ಮೇಲೆ ನನ್ನ ಹತ್ರ ಏನಾದ್ರೂ ಕೇಳಿದ್ದು ಅದೇ ಮೊದಲು. ಹೆಂಗೂ ಆ ಡಾಕ್ಟ್ರು ನಪಾಸು ಮಾಡ್ತಾರೆ, ನೀನು ಬೇರೆಯವರನ್ನ ಹುಡುಕ್ಕೋತೀಯ ಅಂದುಕೊಂಡೆ. ಪಾಸು ಮಾಡಿಬಿಟ್ರು."

ನಮ್ಮ ಕೆಲಸದ ಪದ್ಧತಿ ಇಷ್ಟೇ. ಸಾಮಾನ್ಯ ಗಿರಾಕಿಯ ಹಾಗೆ ಒಬ್ಬರನ್ನು ಅಂಗಡಿಗೆ ಕಳಿಸುತ್ತೇವೆ. ಬೆಳಿಗ್ಗೆ ಸರ್ಕಾರಿ ಡಾಕ್ಟರು ಇವರ ಕಿವಿ ಚೆನ್ನಾಗಿದೆ ಎಂದು ಬರೆದುಕೊಡಬೇಕು, ಅದೇ ಮಧ್ಯಾಹ್ನ ಅಂಗಡಿ ಕೆಟ್ಟಿದೆ ಎಂದು ಬರೆದುಕೊಡಬೇಕು. ಉಳಿದ ಹದಿನೆಂಟು ಜನ ಅಂಗಡಿಗೆ ಹೋದ ಎಷ್ಟೋ ವಾರದ ಮೇಲೆ ಡಾಕ್ಟರ ಹತ್ತಿರ ಹೋದವರು. ನಡುವೆ ಕಿವಿ ಸರಿಹೋಗಿರಬಹುದು ಎಂದು ಎದುರು ವಕೀಲ ಆಗಲೇ ಹಲ್ಲು ಕಿರಿದಿದ್ದ. ಒಂದೇ ದಿನದ ಎರಡು ಅಳತೆ ಇರುವುದು ಮಾವನದೊಂದೇ.

ಅದಕ್ಕೆ ಸರಿಯಾಗಿ ಇವತ್ತು ಬೆಳಿಗ್ಗೆ ಅದೇ ವಕೀಲನ ಅರ್ಜಿ ಬಂದಿತ್ತು. ಸಾಕ್ಷಿಯ ಕಿವಿಯನ್ನು ನಾಳೆ ವಿಚಾರಣಾಧಿಕಾರಿಯ ಎದುರಿಗೇ ಬೇರೆ ಡಾಕ್ಟರಿಂದ ಪರೀಕ್ಷೆ ಮಾಡಿಸಬೇಕಂತೆ. ಓದಿದಾಗ ನಗು ಬಂದಿತ್ತು, ಮಾಡಿಸಲಿ ಎಂದುಕೊಂಡಿದ್ದೆ. ಈಗ ಗೊತ್ತಾಯಿತು. ತಮ್ಮ ಮಷೀನು ಎಷ್ಟು ಸುಳ್ಳು ಹೇಳುತ್ತದೆ ಎಂದು ಅವರಿಗೆ ಗೊತ್ತು. ಹಾಗಾಗಿ ನಿಜ ಎಷ್ಟು ಎಂದೂ ಅವರಿಗೇ ಗೊತ್ತು.

ನಾಳೆ ಮಾವ ಸೋತರೆ ಡಾಕ್ಟರ ಚೀಟಿ ಸುಳ್ಳು. ಒಂದು ಚೀಟಿ ಸುಳ್ಳಾದರೆ ಅದೇ ಕೈ ಬರೆದ ಉಳಿದ ಹದಿನೆಂಟೂ ಸುಳ್ಳು. ಒಮ್ಮೆ ವಜಾ ಆದ ಕೇಸು ಮತ್ತೆ ಏಳುವುದಿಲ್ಲ, ಅಂಗಡಿ ಮಧ್ಯಾಹ್ನವೇ ಬಾಗಿಲು ತೆಗೆಯುತ್ತದೆ.

ಆ ಹದಿನೆಂಟರಲ್ಲಿ ಒಬ್ಬರು ಸಂಗೀತದ ಟೀಚರು. ಚೆನ್ನಾಗಿದ್ದ ಕಿವಿಗೆ ಬೇಡದ ಮಷೀನು ಸಿಕ್ಕಿಸಿಕೊಂಡು ನಾಲ್ಕು ತಿಂಗಳು ಓಡಾಡಿದರು. ಈಗ ಮಷೀನು ತೆಗೆದಿಟ್ಟರೂ ತಲೆಯೊಳಗೆ ಗುಂಯ್ ಎನ್ನುವುದು ನಿಂತಿಲ್ಲ. ಪಾಠ ಬಿಟ್ಟಿದ್ದಾರೆ. ವಾರಕ್ಕೊಮ್ಮೆ ನನ್ನ ಮೇಜಿನ ಮುಂದೆ ಬಂದು ಕೂತು, ಏನೂ ಕೇಳದೆ ಎದ್ದು ಹೋಗುತ್ತಾರೆ. ಅವರಿಗೆ ನಾಳೆ ಏನು ಹೇಳುವುದು?

"ಡಾಕ್ಟರಿಗೆ ಹೆಂಗೆ ಟೋಪಿ ಹಾಕಿದೆ?" ಎಂದೆ.

"ನಾನೆಲ್ಲಿ ಹಾಕಿದೆ? ತಾನಾಗೇ ಬಂದು ಕೂತ್ಕೊಳ್ತು." ಮಾವನಿಗೆ ಈ ಹೊತ್ತಿನಲ್ಲೂ ತಮಾಷೆ. "ಅವರ ಮಷೀನಲ್ಲಿ ಒಂದು ಕೆಂಪು ದೀಪ ಇದೆ. ಅವರು ಶಬ್ದ ಬಿಟ್ಟಾಗೆಲ್ಲ ಅದು ಹತ್ತುತ್ತೆ. ಹತ್ತಿದಾಗೆಲ್ಲ ನಾನು ಗುಂಡಿ ಒತ್ತಿದೆ."

"ದೀಪ ಡಾಕ್ಟರ ಕಡೆಗಿರುತ್ತೆ. ಕೂತವರಿಗೆ ಕಾಣಲ್ಲ."

"ಮೊದಲು ಕಾಣ್ತಿರಲಿಲ್ಲ. ನಾಲ್ಕೈದು ಸಲ ನಾನು ಸುಮ್ನೆ ಕೂತಿದ್ದೆ. ಅವರು ನನ್ನನ್ನೇ ನೋಡಿದ್ರು. ನೀನು ಕೊಟ್ಟ ಕಾಗದ ತೆಗೆದು ಇನ್ನೊಂದ್ಸಲ ಓದಿದ್ರು. ಆಮೇಲೆ ಮಷೀನನ್ನ ನನ್ನ ಕಡೆ ತಿರುಗಿಸಿಟ್ರು. ಪಾಪ, ಮರೆವಿನ ಮನುಷ್ಯ ಅಂದುಕೊಂಡೆ."

ನಾನು ಮಡಿಸಿದ ಹಾಳೆಯನ್ನು ಮತ್ತೆ ಬಿಚ್ಚಿದೆ.

ಮೂವತ್ತು ವರ್ಷ ಕಿವಿ ನೋಡಿದವರು ದೀಪ ಮರೆಯುವುದಿಲ್ಲ. ಇವನಿಗೆ ಕೇಳಿಸುವುದಿಲ್ಲ ಎಂದು ಅವರಿಗೆ ನಾಲ್ಕನೇ ಶಬ್ದಕ್ಕೇ ಗೊತ್ತಾಗಿದೆ. ಗೊತ್ತಾದ ಮೇಲೆ ಬೇಕೆಂದೇ ಪಾಸು ಮಾಡಿದ್ದಾರೆ. ನಮಗೆ ಕಂಬ ಬೇಕಿತ್ತು, ಗೆದ್ದಲು ತಿಂದ ಕಂಬವನ್ನು ಹುಡುಕಿ ಅವರೇ ನಿಲ್ಲಿಸಿಕೊಟ್ಟರು.

"ಮಾವ, ನಿನ್ನ ಹೇಳಿಕೇಲಿ ಒಂದು ಮಾತಿದೆ." ಅದು ನನಗೆ ಬಾಯಿಪಾಠ. "ಗಾಜಿನ ಕೋಣೇಲಿ ಕೂತಿದ್ದಾಗ, ಹೊರಗೆ ಬಿಳಿ ಕೋಟಿನವನು ಅಳೆಯೋ ಹುಡುಗಿಗೆ 'ಯಾವಾಗಿನ ಹಾಗೆ ಮೂವತ್ತು ಸೇರಿಸು' ಅಂದದ್ದು ಕೇಳಿಸ್ತು ಅಂತ." ಬಿಳಿ ಕೋಟಿನವನು ಎಂದರೆ ಅಂಗಡಿ ಮಾಲೀಕ. ಡಾಕ್ಟರಲ್ಲ, ಕೋಟು ಮಾತ್ರ. "ಆ ಕೋಣೇಲಿ ನಾನೂ ಕೂತು ನೋಡಿದ್ದೀನಿ. ಬಾಗಿಲು ಹಾಕಿದ್ರೆ ಹೊರಗೆ ಡೋಲು ಬಡಿದ್ರೂ ಕೇಳಲ್ಲ. ನನಗೇ ಕೇಳದ್ದು ನಿನಗೆ ಹೆಂಗೆ ಕೇಳ್ತು?"

ಮಾವ ಅಂಗಡಿಯ ಗಾಜಿನ ಆಚೆ ಕೈ ತೋರಿಸಿದ. ರಸ್ತೆಯಾಚೆ ನಮ್ಮ ಕಚೇರಿಯ ಗೇಟು. ಗೇಟಿನಲ್ಲಿ ನಮ್ಮ ಡ್ರೈವರು ಕಾವಲುಗಾರನ ಜೊತೆ ಮಾತಾಡುತ್ತಿದ್ದ.

"ನಿಮ್ಮ ಡ್ರೈವರಿಗೆ ನಿನ್ನೆ ಹಲ್ಲುನೋವಿತ್ತು. ಇವತ್ತು ಇಲ್ಲವಂತೆ. ನೀನು ಬೆಳಿಗ್ಗೆಯಿಂದ ಮೂರು ಸಲ ರೇಗಿದೆಯಂತೆ."

ನಮ್ಮ ಮನೆಯಲ್ಲಿ ಹಳೆಯದೊಂದು ತಮಾಷೆ ಇತ್ತು. ಗೋಡೆಗೂ ಕಿವಿ ಇರುತ್ತೆ, ಅದು ಮಾವನದೇ ಎಂದು. ಗೇಟಿನಲ್ಲಿ ಯಾರು ಏನಂದರೂ ಸಂಜೆಗೆ ಮಾವನಿಗೆ ಗೊತ್ತಿರುತ್ತಿತ್ತು. ಆ ಕಿವಿಯನ್ನು ನಂಬಿಯೇ ನಾನು ಅವನನ್ನು ಆರಿಸಿದ್ದು. ಅದು ಕಿವಿಯಾಗಿರಲೇ ಇಲ್ಲ.

"ತುಟಿ," ಎಂದೆ.

"ತುಟಿ," ಎಂದ ಮಾವ. "ಒಂಬತ್ತು ವರ್ಷ ಬೇರೇನು ಕೆಲಸ ನನಗೆ?"

"ಹಾಗಾದ್ರೆ ಬಿಳಿ ಕೋಟಿನವನು ಅಂದದ್ದು ನಿಜ."

"ನಿಜ. ಆದ್ರೆ..." ಅವನು ಮೇಜಿನ ಮೇಲಿನ ಗಡಿಯಾರವನ್ನು ಎತ್ತಿ, ಸುಮ್ಮನೆ ಕೀಲಿ ತಿರುಗಿಸಿದ. ಮುಖದಲ್ಲಿ ತಮಾಷೆ ಉಳಿದಿರಲಿಲ್ಲ. "ಅವನು ಅಂದದ್ದು ಮೂರು ಮಾತು. ನಾನು ಬರೆಸಿದ್ದು ನಡುವಿನದೊಂದು."

"ಉಳಿದೆರಡು?"

"ಬೇಡ ಬಿಡು."

"ಮಾವ."

"'ಡಾಕ್ಟ್ರು ಫೋನು ಮಾಡಿದ್ದು ಈ ಮುದುಕನ ವಿಷಯಾನೇ' ಅಂದ. ಆಮೇಲೆ ಮೂವತ್ತು ಸೇರಿಸು ಅಂದ. ಕೊನೆಗೆ ನಕ್ಕು, 'ಇವನಿಗೆ ನಿಜವಾಗ್ಲೂ ಕೇಳಲ್ಲವಂತೆ, ಕಿವುಡು ಗೂಬೆ' ಅಂದ." ಮಾವ ಗಡಿಯಾರ ಕೆಳಗಿಟ್ಟ. "ಅದನ್ನ ನಿನ್ನೆದುರಿಗೆ ಹೆಂಗೆ ಬರೆಸಲಿ ಪುಟ್ಟಿ? ನೀನು ಬರಕೋತಾ ಕೂತಿದ್ದೆ."

ಡಾಕ್ಟರು ಮತ್ತು ಅಂಗಡಿ ಒಂದೇ ಎಂದು ತೋರಿಸುವ ಒಂದೇ ಒಂದು ಮಾತು ಮೂರು ತಿಂಗಳು ಮಾವನ ಹೊಟ್ಟೆ ಸೇರಿತ್ತು, ನಾಚಿಕೆಗಾಗಿ. ಈಗ ಅದನ್ನು ಹೇಳಬೇಕಾದರೆ ಅವನು ಜನರೆದುರಿಗೆ ಎದ್ದು ನಿಂತು ತಾನು ಕಿವುಡ ಎನ್ನಬೇಕು.

ಹಾಗೆನ್ನು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಕೇಳದೆ ಬೇರೆ ದಾರಿಯೂ ಇರಲಿಲ್ಲ.

ಇನ್ನೊಂದು ಗಂಟೂ ಬಿಚ್ಚಿರಲಿಲ್ಲ. ಅಂಗಡಿಯ ಮೇಲೆ ದಾಳಿ ಮಾಡಿದ ದಿನ ಅಲ್ಲಿ ನಮಗೆ ಸಿಕ್ಕಿದ್ದು ಹೊಸ ಮಷೀನು. ಲ್ಯಾಬಿನವರು ಅದನ್ನು ಬಿಚ್ಚಿ ನೋಡಿ ಒಂದೂ ಕುಂದಿಲ್ಲ ಎಂದು ಬರೆದುಕೊಟ್ಟರು. ಮೂವತ್ತು ಸೇರಿಸುತ್ತಿದ್ದ ಹಳೇ ಮಷೀನು ಆಗಲೇ ಕಾಲು ಕಿತ್ತಿತ್ತು. ದಾಳಿ ಯಾವ ದಿನ ಎಂದು ಡಾಕ್ಟರಿಗೆ ಗೊತ್ತಿರಲಿಲ್ಲ. ಡ್ರೈವರಿಗೆ ಕೂಡ ಜೀಪು ಆ ಬೀದಿಗೆ ತಿರುಗುವವರೆಗೆ ನಾನು ಹೇಳಿರಲಿಲ್ಲ. ಹೇಳದಿದ್ದರೂ ಅವನನ್ನೇ ಅನುಮಾನಿಸಿದೆ, ನನ್ನ ಬುದ್ಧಿ ಅಂಥದ್ದು. ಅವತ್ತು ಸಾಮಾನು ಇಳಿಸುವಾಗ ಅವನು "ಹನ್ನೆರಡು ಪೆಟ್ಟಿಗೆ ಮೇಡಂ" ಎಂದಿದ್ದ. ನನ್ನ ಮಹಜರಿನಲ್ಲಿ ಹನ್ನೊಂದು. "ನಿನಗೆ ಎಣಿಸೋಕೆ ಬರ್ತಿದ್ರೆ ನೀನ್ಯಾಕೆ ಜೀಪು ಓಡಿಸ್ತಿದ್ದೆ" ಎಂದು ಅವನ ಬಾಯಿ ಮುಚ್ಚಿಸಿ ಜಪ್ತಿ ಸಾಮಾನಿನ ಕೋಣೆಗೆ ಬೀಗ ಹಾಕಿದ್ದೆ.

ದಾಳಿಯ ದಿನ ಗೊತ್ತಿದ್ದವರು ಇಬ್ಬರೇ. ನಾನು, ಮತ್ತು ನನ್ನ ಸಾಹೇಬರು.

"ಡಾಕ್ಟ್ರು ಬಂದ್ರು," ಎಂದ ಮಾವ.

ರಸ್ತೆಯಾಚೆ ಕಾರಿಂದ ಇಳಿದದ್ದು ಕಿವಿ ಡಾಕ್ಟರೇ. ಕಚೇರಿಯ ಒಳಗಿಂದ ಸಾಹೇಬರು ಹೊರಗೆ ಬಂದರು. ಮಹಜರು ಬರೆಯುವುದನ್ನು ನನಗೆ ಕೈ ಹಿಡಿದು ಕಲಿಸಿದವರು. ನನ್ನ ಮೊದಲ ಕೇಸು ಗೆದ್ದ ದಿನ ತಮ್ಮ ಪೆನ್ನು ತೆಗೆದು ನನ್ನ ಜೇಬಿಗೆ ಸಿಕ್ಕಿಸಿದವರು. ಮಾವನ ಮೇಜಿನ ಮೇಲಿದ್ದ ಗಡಿಯಾರವೂ ಅವರದೇ, ವರ್ಷಕ್ಕೊಮ್ಮೆ ಎಣ್ಣೆ ಹಾಕಿಸಲು ಕೊಡುತ್ತಾರೆ.

ಸಾಹೇಬರ ಬೆನ್ನು ನಮ್ಮ ಕಡೆಗಿತ್ತು, ಡಾಕ್ಟರ ಮುಖ.

"ಏನಂತಾರೆ?" ಎಂದೆ.

"'ಅವಳು ಮಧ್ಯಾಹ್ನದಿಂದ ಲೆಕ್ಕ ಮಾಡ್ತಾ ಕೂತಿದ್ದಳು ಅಂದ್ರಲ್ಲ' ಅಂತಿದ್ದಾರೆ." ಮಾವ ಕಣ್ಣು ಕಿರಿದು ಮಾಡಿದ. "'ಮುದುಕ ಬಾಯಿ ಬಿಟ್ರೆ ನನ್ನ ಗತಿ ಏನು?'"

ಸಾಹೇಬರು ಡಾಕ್ಟರ ಭುಜ ತಟ್ಟಿದರು. ಬೇಲಿಯೇ ಎದ್ದು ಹೊಲ ಮೇಯುವುದನ್ನು ಗಾದೆಯಲ್ಲಿ ಕೇಳಿದ್ದೆ. ಕಣ್ಣಾರೆ ನೋಡಿದರೂ ನಂಬಲು ಮನಸ್ಸು ಬರುವುದಿಲ್ಲ ಎಂದು ಗಾದೆ ಹೇಳಿರಲಿಲ್ಲ. ಅವರು ತಿರುಗಿ, ಎಡಕ್ಕೆ ಬಲಕ್ಕೆ ನೋಡಿ, ರಸ್ತೆ ದಾಟಿ ನೇರ ಅಂಗಡಿಯ ಕಡೆಗೇ ಬಂದರು.

ಮಾವ ತಕ್ಷಣ ಬಾಗಿಲಿಗೆ ಬೆನ್ನು ಹಾಕಿ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡ.

ಗಂಟೆ ಅಲುಗಿತು. "ಏನ್ರೀ ಯಜಮಾನ್ರೇ, ನಮ್ಮ ಗಡಿಯಾರ ಆಯ್ತಾ?" ಸಾಹೇಬರು ಗಟ್ಟಿಯಾಗಿಯೇ ಕೇಳಿದರು. ಮಾವ ಅಲುಗಲಿಲ್ಲ. ಅವರು ನನ್ನ ಕಡೆ ನೋಡಿ ಸಣ್ಣಗೆ ನಕ್ಕರು. ಆಮೇಲೆ ಮಾವನ ಬೆನ್ನ ಹಿಂದೆ, ಸರಿಯಾಗಿ ಕನ್ನಡಿಯ ನಡುವಿಗೆ ಬಂದು ನಿಂತರು.

"ಎಷ್ಟು ದಿನದಿಂದ ಗೊತ್ತಮ್ಮ ನಿನಗೆ?"

"ಈಗ ಗೊತ್ತಾಯ್ತು ಸರ್."

"ನಾಳೆ ಇವರಿಗೆ ಜ್ವರ ಬರಲಿ." ದನಿ ಎಂದಿನಂತೆ ಮೆತ್ತಗಿತ್ತು. "ಸಾಕ್ಷಿ ಬರಲಿಲ್ಲ ಅಂತ ಕೇಸು ಬೀಳುತ್ತೆ. ವಯಸ್ಸಾದವರು, ಜನರೆದುರಿಗೆ ನಿಲ್ಲಿಸಿ ನಗೆಪಾಟಲು ಮಾಡ್ಬೇಡ. ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ."

"ಹದಿನೆಂಟು ಜನ ಇದ್ದಾರೆ ಸರ್. ಆ ಟೀಚರು..."

"ಹದಿನೆಂಟು ಜನರ ಕಿವಿಗೆ ನೀನು ಕುತ್ತಿಗೆ ಕೊಡ್ತೀಯಾ? ಸಾಕ್ಷಿ ನಿನ್ನ ಸ್ವಂತ ಸೋದರಮಾವ. ಡಾಕ್ಟರ ಹತ್ರ ಕಳಿಸಿದ ಕಾಗದ ನಿಂದು. ಗಾಜಿನ ಕೋಣೆ ಒಳಗಿಂದ ಕಿವುಡನಿಗೆ ಮಾತು ಕೇಳಿಸ್ತು ಅಂತ ಬರೆಸಿದ್ದು ನೀನು, ಕೆಳಗೆ ಸಹಿ ನಿಂದು. ಸುಳ್ಳು ಸಾಕ್ಷಿ ಕಟ್ಟಿದವಳು ಯಾರು ಅಂತ ಕೇಳಿದ್ರೆ ನಾನು ಏನಂತ ಬರೀಲಿ?"

ಹೇಳಿಕೆಯನ್ನು ನಾನೇ ಹೆಣೆದಿದ್ದೇನೆ ಎಂದು ಅವರು ತಿಳಿದಿದ್ದರು. ತುಟಿಯ ವಿಷಯ ಅವರಿಗೆ ಗೊತ್ತಿರಲಿಲ್ಲ.

"ದಾಳಿಯ ದಿನ ಗೊತ್ತಿದ್ದದ್ದು ಇಬ್ಬರಿಗೇ ಸರ್," ಎಂದೆ. ಅವರ ಪೆನ್ನು ಈಗಲೂ ನನ್ನ ಜೇಬಿನಲ್ಲಿತ್ತು.

"ಹೌದಲ್ಲ," ಎಂದರು ಸಾಹೇಬರು. "ನಾನಂತೂ ಹೇಳಿಲ್ಲ. ಹಾಗಾದ್ರೆ ಹೇಳಿದ್ದು ಯಾರು ಅಂತ ಜನ ತಾವೇ ತಿಳಕೋತಾರೆ."

ಅವರು ಮುಂದೆ ಬಾಗಿ, ಮಾವನ ಭುಜ ಮುಟ್ಟಿ, ಮುಖದ ಎದುರಿಗೆ ಬಂದು, ಕಿವುಡರಿಗೆ ಕೂಗುವ ಹಾಗೆ ಗಟ್ಟಿಯಾಗಿ, "ಗಡಿಯಾರ ನಾಳಿದ್ದು ತಗೋತೀನಿ," ಎಂದರು. ಮಾವ ಈಗಷ್ಟೇ ಕಂಡವನ ಹಾಗೆ ಎದ್ದು ಕೈ ಮುಗಿದ. ಸಾಹೇಬರು ಹೊರಗೆ ಹೋದರು. ಗಂಟೆ ಮತ್ತೆ ಅಲುಗಿತು.

ಬಾಗಿಲು ಮುಚ್ಚುವವರೆಗೆ ಮಾವ ಕೈ ಮುಗಿದೇ ಇದ್ದ. ಆಮೇಲೆ ಕೂತ.

"ನನಗೆ ಜ್ವರ ಬರಿಸೋಕೆ ಅವನ್ಯಾರು?" ಎಂದ.

ನಾನು ಕನ್ನಡಿ ನೋಡಿದೆ. ಅದರಲ್ಲಿ ಬಾಗಿಲಿತ್ತು, ಬಾಗಿಲ ಗಾಜಿತ್ತು, ಎಲ್ಲ ಸ್ಪಷ್ಟವಾಗಿತ್ತು.

"ಕನ್ನಡೀಲಿ ಬಲ ಎಡ ಆಗುತ್ತೆ. ಆದ್ರೂ ಓದಬಹುದು," ಎಂದ ಮಾವ. "ಒಂದು ಹಾಳೆ ತಗೋ. ಅವನು ಅಂದದ್ದೆಲ್ಲ ಹೇಳ್ತೀನಿ, ಬರಕೋ. ಬಿಳಿ ಕೋಟಿನವನು ಅಂದದ್ದು ಕೂಡ, ಈ ಸಲ ಮೂರೂ ಮಾತು. ಗೂಬೆ ಅಂದದ್ದನ್ನೂ ಬರಿ. ನಾಳೆ ನಾನೇ ಎದ್ದು ನಿಂತು ಹೇಳ್ತೀನಿ, ನನಗೆ ಕೇಳಲ್ಲ ಸ್ವಾಮಿ, ಕಾಣುತ್ತೆ ಅಂತ. ನಂಬದಿದ್ರೆ ಅಲ್ಲೇ ಗಾಜಿನ ಆಚೆ ಯಾರನ್ನಾದ್ರೂ ನಿಲ್ಲಿಸಿ ಮಾತಾಡಿಸಲಿ."

"ಅಂಗಡಿ ಗತಿ ಏನು ಮಾವ? ಗಿರಾಕಿಗಳು?"

"ಹೋದ್ರೆ ಹೋಗಲಿ. ನಿಮ್ಮತ್ತೆ ಮಾತೇ ತಪ್ಪಿಸಿಕೊಂಡೆ. ಇನ್ನು ಇದಕ್ಕೂ ಮೇಲೆ ಏನು ಹೋಗೋದಿದೆ ನನಗೆ?"

ನಾನು ಅವನ ಕೈ ಹಿಡಿದುಕೊಂಡೆ. ಬೆಳಿಗ್ಗೆಯಿಂದ ಮೊದಲ ಸಲ ಗೆಲ್ಲಬಹುದು ಎನ್ನಿಸಿತು. ಪೆನ್ನು ತೆಗೆದೆ, ಸಾಹೇಬರದೇ. ಬರೆಯಲು ಹೊರಟೆ.

ಮಾವ ನನ್ನ ಮಣಿಕಟ್ಟು ಒತ್ತಿ ಹಿಡಿದ.

"ಅಲುಗಬೇಡ. ಅವನು ಹೋಗಿಲ್ಲ."

ಸಾಹೇಬರು ಅಂಗಡಿಯ ಗಾಜಿನ ಆಚೆ, ಎರಡೇ ಮಾರು ದೂರದಲ್ಲಿ ನಿಂತಿದ್ದರು. ಕಿವಿಗೆ ಫೋನು ಹಿಡಿದು, ನಮ್ಮನ್ನೇ ನೋಡುತ್ತಾ, ಆರಾಮವಾಗಿ ಮಾತಾಡುತ್ತಿದ್ದರು. ಹಿಂದೆ ಬಸ್ಸೊಂದು ಹೊಗೆ ಬಿಡುತ್ತಾ ಗುರುಗುಟ್ಟುತ್ತಿತ್ತು. ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಗಾಜಿನ ಈಚೆಗೆ ಒಬ್ಬ ಕಿವುಡ, ಒಬ್ಬಳು ಹೆದರಿದ ಹೆಂಗಸು. ಗುಟ್ಟು ಹೇಳಲು ಇದಕ್ಕಿಂತ ಭದ್ರವಾದ ಜಾಗ ಅವರಿಗೆ ಸಿಗುತ್ತಿರಲಿಲ್ಲ. ನನ್ನ ಕಣ್ಣಿಗೆ ಕಣ್ಣು ಸಿಕ್ಕಾಗ ತಲೆಯಾಡಿಸಿ ನಕ್ಕರು ಕೂಡ.

ಮಾವ ತಲೆ ತಗ್ಗಿಸಿದಂತೆ ಮಾಡಿ, ಹುಬ್ಬಿನಡಿಯಿಂದ ನೋಡುತ್ತಾ, ಒಂದೊಂದೇ ಮಾತು ಹೆಕ್ಕಿ ಹೇಳಿದ.

"'ಮುದುಕ ಬರಲ್ಲ... ಬಂದ್ರೂ ಪರವಾಗಿಲ್ಲ. ಹಳೇ ಮಷೀನು ಅವಳ ಹತ್ರಾನೇ ಇದೆ.'"

"ಯಾರ ಹತ್ರ?"

"ತಡಿ. 'ಅವತ್ತೇ ಹೋಯ್ತು. ನಮ್ಮ ಜೀಪಲ್ಲೇ, ಜಪ್ತಿ ಸಾಮಾನಿನ ಜೊತೇಲೇ. ಅವಳೇ ನಿಂತು ಬೀಗ ಹಾಕಿಸಿದಳು.'" ಮಾವನ ದನಿ ಸಣ್ಣಗಾಯಿತು. "'ನಾಳೆ ಅವಳು ಬಾಯಿ ತೆಗೆದ್ರೆ, ಎಲ್ಲರೆದುರಿಗೆ ಕೋಣೆ ತೆಗೆಸ್ತೀನಿ.'"

ಸಾಹೇಬರು ಫೋನು ಜೇಬಿಗಿಟ್ಟು ರಸ್ತೆ ದಾಟಿದರು.

ಹನ್ನೆರಡು ಪೆಟ್ಟಿಗೆ ಮೇಡಂ, ಎಂದಿದ್ದ ಡ್ರೈವರು. ಅವನಿಗೆ ಎಣಿಸಲು ಬರುತ್ತಿತ್ತು.

ನನ್ನ ಕೇಸು ಗೆಲ್ಲಿಸುವ ಮಷೀನು ಮೂರು ತಿಂಗಳಿಂದ ನನ್ನ ಕೋಣೆಯಲ್ಲೇ, ನಾನು ಹಾಕಿದ ಬೀಗದ ಹಿಂದೆ ಕೂತಿತ್ತು. ಅದನ್ನು ಹೊರಗೆ ತಂದರೆ ಅಂಗಡಿಯವನು ಕಳ್ಳನಾಗುತ್ತಾನೆ. ತಂದವಳು ನಾನಾದ್ದರಿಂದ, ಬಚ್ಚಿಟ್ಟವಳೂ ನಾನೇ ಆಗುತ್ತೇನೆ. ನಾನು ಕೊರಳಿಗೆ ಕೈ ಹಾಕಿದೆ. ದಾರದ ತುದಿಯಲ್ಲಿ ಕೀಲಿ ಮೈಗೆ ತಾಗಿ ಬೆಚ್ಚಗಿತ್ತು.

"ಆ ಕೋಣೆಗೆ ಇನ್ನೊಂದು ಕೀಲಿ ಯಾರ ಹತ್ರಾನಾದ್ರೂ ಇದೆಯಾ ಪುಟ್ಟಿ?"

"ಇಲ್ಲ," ಎಂದೆ.

ದನಿ ಹೊರಡಲಿಲ್ಲ. ಮಾವನಿಗೆ ಅದು ಬೇಕಿರಲಿಲ್ಲ.